ರಷ್ಯಾದ ದುಡ್ಡು ಬ್ರಸೆಲ್ಸ್‌ನಲ್ಲಿ, ಸಾಲ ಯುರೋಪಿನ ತಲೆ ಮೇಲೆ: ಈ ನಿರ್ಬಂಧಗಳಿಂದ ಆಗಿದ್ದೇನು?

ಹೊಂಗೆಮರ (ಚರ್ಚೆ ಶುರು ಮಾಡಿದವರು)

2025ರ ಡಿಸೆಂಬರ್ 18ರಂದು ಬ್ರಸೆಲ್ಸ್‌ನಲ್ಲಿ ಸೇರಿದ ಐರೋಪ್ಯ ಒಕ್ಕೂಟದ ನಾಯಕರು ಬೆಳಗಿನ ಜಾವದವರೆಗೂ ಕೂತಿದ್ದರು. ಉಕ್ರೇನ್‌ಗೆ ಮುಂದಿನ ಎರಡು ವರ್ಷಕ್ಕೆ ದುಡ್ಡು ಎಲ್ಲಿಂದ ತರೋದು ಅನ್ನೋದೇ ಪ್ರಶ್ನೆ. 2022ರಲ್ಲಿ ರಷ್ಯಾ ಉಕ್ರೇನ್ ಒಳಗೆ ನುಗ್ಗಿದಾಗ ತಡೆಹಿಡಿದ, ರಷ್ಯಾದ ಕೇಂದ್ರ ಬ್ಯಾಂಕಿನ ಸುಮಾರು 21,000 ಕೋಟಿ ಯೂರೋ ಒಕ್ಕೂಟದ ಒಳಗೇ ಬಿದ್ದಿದೆ. ಅದನ್ನೇ ಆಧಾರವಾಗಿಟ್ಟು ಸಾಲ ಕೊಡೋಣ ಅಂತ ಜರ್ಮನಿಯಂಥವರು ಹೇಳಿದರು. ಬೆಲ್ಜಿಯಂ ಒಪ್ಪಲಿಲ್ಲ. ಕೊನೆಗೆ ಆ ದುಡ್ಡು ಮುಟ್ಟಲಿಲ್ಲ. ಒಕ್ಕೂಟವೇ ಮಾರುಕಟ್ಟೆಯಲ್ಲಿ 9,000 ಕೋಟಿ ಯೂರೋ ಸಾಲ ಎತ್ತಿ ಉಕ್ರೇನ್‌ಗೆ ಕೊಡುವುದು ಅಂತಾಯಿತು. ಹಂಗರಿ, ಸ್ಲೊವಾಕಿಯಾ, ಚೆಕ್ ದೇಶಗಳು ಈ ಸಾಲದ ಹೊರೆ ನಮಗೆ ಬೇಡ ಅಂದವು.

ನನಗೆ ಇಡೀ ನಾಲ್ಕು ವರ್ಷದ ಕಥೆ ಆ ಒಂದೇ ರಾತ್ರಿಯಲ್ಲಿ ಕಾಣಿಸಿತು. ತಮಗೆ ನೋವಾಗದ ಕಡೆ ಬೇಗ ಹೊಡೆದರು. ತಮಗೂ ನೋವಾಗುವ ಕಡೆ ಕೈ ತಡೆದರು. ಹಾವು ಸಾಯಬೇಕು, ಕೋಲು ಮುರಿಯಬಾರದು ಅನ್ನೋ ಲೆಕ್ಕ. "ನಿರ್ಬಂಧಗಳು ಕೆಲಸಕ್ಕೆ ಬರಲ್ಲ" ಅಂತ ನಮ್ಮಲ್ಲಿ ಬಹಳ ಜನ ಹೇಳುತ್ತಾರೆ. ನಾನು ಹೇಳೋದು, ಪೂರ್ತಿ ಹಾಕಿದ್ದೇ ಇಲ್ಲವಲ್ಲ ಅಂತ. ಒಪ್ಪದವರು ಬೈಗುಳ ಬಿಟ್ಟು ಬರೆಯಿರಿ.

ಖಾರ ಮಂಡಕ್ಕಿ

ಸರ್, ಮೊದಲು ಒಂದು ಪ್ರಶ್ನೆ. 2003ರಲ್ಲಿ ಅಮೆರಿಕ, ಬ್ರಿಟನ್ ಸೇರಿ ಇರಾಕಿಗೆ ನುಗ್ಗಿದಾಗ ಯಾರು ಯಾರ ಖಾತೆ ತಡೆಹಿಡಿದರು?

ನಿಮ್ಮ "ಪೂರ್ತಿ ಹಾಕಿದ್ದೇ ಇಲ್ಲ" ಅನ್ನೋ ವಾದಕ್ಕೂ ಉತ್ತರ ಇರಾಕ್‌ನಲ್ಲೇ ಇದೆ. 1990ರಲ್ಲಿ ಸದ್ದಾಂ ಕುವೈತ್‌ಗೆ ನುಗ್ಗಿದಾಗ ಅದರ ಮೇಲೆ ವಿಶ್ವಸಂಸ್ಥೆ ಪೂರ್ತಿಯಾಗಿಯೇ ಹಾಕಿತ್ತು, ಎಣ್ಣೆಯನ್ನೂ ಸೇರಿಸಿ. ಏನಾಯಿತು? ಸದ್ದಾಂ ಅರಮನೆ ಕಟ್ಟಿಸುತ್ತಲೇ ಇದ್ದ. ಔಷಧಿ ಇಲ್ಲದೆ, ಒಳ್ಳೆಯ ನೀರಿಲ್ಲದೆ ನರಳಿದ್ದು ಬಡವರು. ಆಮೇಲೆ ಅವರೇ "ಎಣ್ಣೆಗೆ ಬದಲು ಆಹಾರ" ಅಂತ ಯೋಜನೆ ತರಬೇಕಾಯಿತು.

ಹುಬ್ಬಳ್ಳಿ ಮಂದಿ

ಇರಾಕಿಗೆ ಅನ್ಯಾಯ ಆಯಿತು, ಸರಿ. ಅದಕ್ಕೆ ಉಕ್ರೇನ್ ಏನು ಮಾಡಬೇಕು ಈಗ? 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಊಟದ ಸಾಮಾನಿಗೆ ಸರದಿಯಲ್ಲಿ ನಿಂತಿದ್ದ ನಮ್ಮ ಹಾವೇರಿ ಜಿಲ್ಲೆಯ ಹುಡುಗ ಶೆಲ್ ದಾಳಿಗೆ ಸತ್ತ. ಡಾಕ್ಟರ್ ಆಗೋಕೆ ಹೋಗಿದ್ದವನು. ಅವತ್ತು ಈ ಕಡೆ ಯಾರ ಮನೆಯಲ್ಲೂ ಟಿವಿ ಆರಿಸಿರಲಿಲ್ಲ. ಮಾರನೇ ದಿನವೇ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ 141 ದೇಶ ರಷ್ಯಾ ವಿರುದ್ಧ ಮತ ಹಾಕಿದವು, 5 ಪರವಾಗಿ. ನಾವು ತಟಸ್ಥ ಉಳಿದ 35 ದೇಶಗಳ ಪಟ್ಟಿಯಲ್ಲಿದ್ದೆವು.

ಖಾರ ಮಂಡಕ್ಕಿ

ಅವತ್ತು ನಮ್ಮ ಸಾವಿರಾರು ಮಕ್ಕಳು ಅಲ್ಲೇ ಸಿಕ್ಕಿಹಾಕಿಕೊಂಡಿದ್ದರು. ಎರಡೂ ಕಡೆಯವರ ಹತ್ತಿರ ದಾರಿ ಕೇಳಬೇಕಿತ್ತು. ಮತ ಹಾಕಿ ಹೀರೋ ಆಗೋ ಸಮಯ ಅದಲ್ಲ.

ಹೊಂಗೆಮರ

ಮಂಡಕ್ಕಿ ಅವರೇ, ಇರಾಕ್ ಒಳ್ಳೆಯ ಉದಾಹರಣೆ. ಆದರೆ ಕುವೈತ್‌ನಿಂದ ಸದ್ದಾಂನನ್ನು ಹೊರಗೆ ಹಾಕಿದ್ದು ನಿರ್ಬಂಧ ಅಲ್ಲ, 1991ರ ಸೈನ್ಯ. ಉಕ್ರೇನ್ ಪರವಾಗಿ ಹಾಗೆ ಯಾರ ಸೈನ್ಯವೂ ಹೋಗುವುದಿಲ್ಲ. ಎದುರಿಗಿರುವುದು ಅಣುಬಾಂಬ್ ಇರುವ ದೇಶ. ಉಕ್ರೇನ್ ಹತ್ತಿರ ಇದ್ದ ಅಣ್ವಸ್ತ್ರಗಳನ್ನು 1994ರ ಬುಡಾಪೆಸ್ಟ್ ಒಪ್ಪಂದದಲ್ಲಿ ಬಿಟ್ಟುಕೊಡಿಸಿದರು. ಗಡಿಗೆ ಗೌರವ ಕೊಡುತ್ತೇವೆ ಅಂತ ಸಹಿ ಹಾಕಿದವರು ಅಮೆರಿಕ, ಬ್ರಿಟನ್ ಮತ್ತು ಇದೇ ರಷ್ಯಾ. ಹಾಗಾಗಿ ಇಲ್ಲಿ ಉಳಿದಿರುವುದು ಎರಡೇ: ಆ ದೇಶಕ್ಕೆ ಆಯುಧ ಮತ್ತು ದುಡ್ಡು ಕೊಡೋದು, ನುಗ್ಗಿದವನ ದುಡ್ಡು ಕಡಿಮೆ ಮಾಡೋದು.

ನನಗೆ ಇದಕ್ಕೆ ಹತ್ತಿರ ಅನಿಸೋದು 1935ರ ಇಥಿಯೋಪಿಯಾ. ಅಕ್ಟೋಬರ್‌ನಲ್ಲಿ ಮುಸೊಲಿನಿಯ ಇಟಲಿ ಒಳಗೆ ನುಗ್ಗಿತು. ವಿಶ್ವಸಂಸ್ಥೆಗೂ ಮುಂಚೆ ಇದ್ದ ರಾಷ್ಟ್ರಸಂಘ ಕೆಲವೇ ದಿನಗಳಲ್ಲಿ ಇಟಲಿಯೇ ಆಕ್ರಮಣಕಾರ ಅಂತ ಹೇಳಿತು, ನವೆಂಬರ್‌ನಲ್ಲಿ ನಿರ್ಬಂಧ ಹಾಕಿತು. ಪಟ್ಟಿಯಲ್ಲಿ ಏನಿರಲಿಲ್ಲ ನೋಡಿ: ಎಣ್ಣೆ, ಕಲ್ಲಿದ್ದಲು, ಉಕ್ಕು. ಸೂಯೆಜ್ ಕಾಲುವೆಯನ್ನೂ ಮುಚ್ಚಲಿಲ್ಲ. ಇಟಲಿಯ ಸೈನಿಕರು, ವಿಷಾನಿಲ ಎಲ್ಲ ಅದೇ ಕಾಲುವೆಯಲ್ಲಿ ಸುಂಕ ಕಟ್ಟಿ ಹೋದವು. 1936ರ ಮೇನಲ್ಲಿ ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾ ಬಿತ್ತು. ಜೂನ್ 30ರಂದು ಅಲ್ಲಿನ ಚಕ್ರವರ್ತಿ ಹೈಲೆ ಸೆಲಾಸಿ ಜಿನೀವಾದ ರಾಷ್ಟ್ರಸಂಘದ ಸಭೆಗೆ ಬಂದು ಮಾತಾಡಿದರು. ಜುಲೈನಲ್ಲಿ ನಿರ್ಬಂಧಗಳನ್ನೇ ತೆಗೆದುಬಿಟ್ಟರು.

2022ರಲ್ಲೂ ಹಾಗೇ ಆಯಿತು. ಕೇಂದ್ರ ಬ್ಯಾಂಕಿನ ದುಡ್ಡು ಒಂದೇ ವಾರದಲ್ಲಿ ತಡೆಹಿಡಿದರು. ಕೆಲವು ಬ್ಯಾಂಕುಗಳನ್ನು ಸ್ವಿಫ್ಟ್‌ನಿಂದ (ದೇಶದೇಶಗಳ ಬ್ಯಾಂಕುಗಳು ಹಣ ಪಾವತಿಗೆ ಬಳಸುವ ಸಂದೇಶ ಜಾಲ) ಕಿತ್ತರು. ಗ್ಯಾಜ್‌ಪ್ರಾಮ್‌ಬ್ಯಾಂಕಿನಂಥವನ್ನು ಕೀಳದೆ ಬಿಟ್ಟರು, ಯಾಕಂದರೆ ಯುರೋಪ್ ಗ್ಯಾಸಿನ ಬಿಲ್ ಕಟ್ಟಬೇಕಿತ್ತು. ಗ್ಯಾಜ್‌ಪ್ರಾಮ್‌ಬ್ಯಾಂಕ್ ಮೇಲೆ ಅಮೆರಿಕ ಪೂರ್ತಿ ನಿರ್ಬಂಧ ಹಾಕಿದ್ದು 2024ರ ನವೆಂಬರ್‌ನಲ್ಲಿ. ಸಮುದ್ರದಲ್ಲಿ ಬರುವ ಕಚ್ಚಾ ಎಣ್ಣೆಯನ್ನು ಒಕ್ಕೂಟ ನಿಲ್ಲಿಸಿದ್ದು 2022ರ ಡಿಸೆಂಬರ್ 5ಕ್ಕೆ. ಯುದ್ಧ ಶುರುವಾಗಿ ಒಂಬತ್ತು ತಿಂಗಳು ದಾಟಿತ್ತು. ಆ ತಿಂಗಳುಗಳಲ್ಲಿ ಎಣ್ಣೆ ಬೆಲೆ ಏರಿ ಮಾಸ್ಕೋ ಜೇಬು ತುಂಬಿತು.

ಪಣಂಬೂರು ಬಂದರು

ಎಣ್ಣೆ ವಿಷಯ ಬಂತಲ್ಲ, ಇದು ನನ್ನ ಕೆಲಸಕ್ಕೆ ಹತ್ತಿರದ್ದು. ಸ್ವಲ್ಪ ವಿವರವಾಗಿ ಹೇಳ್ತೇನೆ, ಮಾರಾಯ್ರೆ. ಬೋರಾದರೆ ಮುಂದೆ ಹೋಗಿ.

ರಷ್ಯಾದ ಎಣ್ಣೆಗೆ ಬ್ಯಾರೆಲಿಗೆ 60 ಡಾಲರ್ ಮಿತಿ ಅಂತ ಜಿ7 ದೇಶಗಳು (ಏಳು ಶ್ರೀಮಂತ ದೇಶಗಳ ಗುಂಪು) 2022ರಲ್ಲಿ ಹಾಕಿದವು. ಜನ ಇದನ್ನು ರಷ್ಯಾದ ಎಣ್ಣೆ ಕೊಳ್ಳಬಾರದು ಅಂತ ಓದಿಕೊಂಡರು. ಹಾಗಲ್ಲ ಅದು. ಎಣ್ಣೆ ಹರಿಯುತ್ತಲೇ ಇರಬೇಕು, ರಷ್ಯಾಗೆ ಲಾಭ ಮಾತ್ರ ಕಡಿಮೆ ಆಗಬೇಕು ಅನ್ನೋದು ಯೋಚನೆ. ಹಿಡಿತ ಎಲ್ಲಿತ್ತು ಅಂದರೆ ವಿಮೆಯಲ್ಲಿ. ಟ್ಯಾಂಕರ್ ಒಡೆದು ಎಣ್ಣೆ ಚೆಲ್ಲಿದರೆ, ಬೇರೆ ಹಡಗಿಗೆ ಗುದ್ದಿದರೆ ಪರಿಹಾರ ಕೊಡುವ ವಿಮೆಗೆ ನಮ್ಮಲ್ಲಿ ಪಿ ಅಂಡ್ ಐ ಅಂತಾರೆ. ಜಗತ್ತಿನ ಹಡಗು ಸಾಮರ್ಥ್ಯದ ನೂರಕ್ಕೆ ತೊಂಬತ್ತರಷ್ಟಕ್ಕೆ ಈ ವಿಮೆ ಕೊಡೋದು ಒಂದೇ ಗುಂಪಿನ ಕ್ಲಬ್ಬುಗಳು, ಹೆಚ್ಚಿನವು ಲಂಡನ್ ಮತ್ತು ಉತ್ತರ ಯುರೋಪಿನವು. ಆ ಕಾಗದ ಇಲ್ಲದ ಟ್ಯಾಂಕರನ್ನು ಒಳ್ಳೆಯ ಬಂದರಿನವರು ಒಳಗೆ ಬಿಡೋದಿಲ್ಲ. ಶರತ್ತು ಏನಿತ್ತು? ಸರಕು 60 ಡಾಲರಿಗೆ ಅಥವಾ ಅದಕ್ಕಿಂತ ಕಡಿಮೆಗೆ ಕೊಂಡಿದ್ದು ಅಂತ ವ್ಯಾಪಾರಿ ಬರೆದುಕೊಡಬೇಕಿತ್ತು. ಆಗ ಮಾತ್ರ ವಿಮೆ ಸಿಗುತ್ತಿತ್ತು.

ಬರೆದುಕೊಡೋದು ಸುಲಭ ಅಲ್ವಾ? ಎಣ್ಣೆಗೆ 58 ತೋರಿಸಿ, ಸಾಗಾಣಿಕೆ ಖರ್ಚು ಅಂತ ಉಳಿದದ್ದು ಸೇರಿಸಿದರೆ ಆಯಿತು. ಅದು ಮೊದಲನೇ ತೂತು. ಎರಡನೆಯದು ದೊಡ್ಡದು. ಗುಜರಿಗೆ ಹೋಗಬೇಕಿದ್ದ ಹಳೇ ಟ್ಯಾಂಕರುಗಳನ್ನು ಹೆಸರಿಲ್ಲದ ಕಂಪನಿಗಳು ಕೊಂಡವು. ಗ್ಯಾಬೊನ್, ಕ್ಯಾಮರೂನ್, ಕುಕ್ ದ್ವೀಪಗಳ ಬಾವುಟ ಹಾಕಿದವು. ಲಂಡನ್ ವಿಮೆ ಬೇಡವೇ ಬೇಡ ಅಂತ ಹೊರಟವು. ಗ್ರೀಸಿನ ದಕ್ಷಿಣಕ್ಕೆ ಲಕೋನಿಯಾ ಕೊಲ್ಲಿಯಲ್ಲಿ ಒಂದು ಹಡಗಿನಿಂದ ಇನ್ನೊಂದಕ್ಕೆ ಪೈಪ್ ಹಾಕಿ ಎಣ್ಣೆ ಬದಲಾಯಿಸೋದು, ಸ್ಥಳ ತೋರಿಸುವ ಎಐಎಸ್ ಯಂತ್ರ ಆರಿಸೋದು, ಹೆಸರಿಗೆ ಬಣ್ಣ ಬಳಿದು ಬೇರೆ ಹೆಸರು ಬರೆಯೋದು, ಎಲ್ಲ ನಡೆಯಿತು. 2025ರ ಕೊನೆಗೆ ಒಕ್ಕೂಟ ಅಂಥ ಸುಮಾರು 600 ಹಡಗುಗಳನ್ನು ನಿರ್ಬಂಧದ ಪಟ್ಟಿಗೆ ಸೇರಿಸಿತ್ತು. ಅವುಗಳಲ್ಲಿ ಒಂದು ಬಾಲ್ಟಿಕ್‌ನಲ್ಲೋ ನಮ್ಮ ಅರಬ್ಬಿ ಸಮುದ್ರದಲ್ಲೋ ಒಡೆದರೆ ಮೀನುಗಾರರಿಗೆ ಪರಿಹಾರ ಕೊಡೋದು ಯಾರು? ಆ ಪ್ರಶ್ನೆ ಬ್ರಸೆಲ್ಸ್‌ನವರೂ ಕೇಳಲ್ಲ, ದೆಹಲಿಯವರೂ ಕೇಳಲ್ಲ.

ಖಾರ ಮಂಡಕ್ಕಿ

ಸಾರ್ ಒಳ್ಳೆ ಮಾಹಿತಿ. ಅಂದರೆ ನಾವು ಕೊಂಡಿದ್ದು ಅವರ ಯೋಜನೆಯ ಪ್ರಕಾರವೇ ಅಂತಾಯಿತು?

ಪಣಂಬೂರು ಬಂದರು

ಹೌದು. 2022ರ ನವೆಂಬರ್‌ನಲ್ಲಿ ಅಮೆರಿಕದ ಖಜಾನೆ ಕಾರ್ಯದರ್ಶಿ ಜಾನೆಟ್ ಯೆಲೆನ್ ಅವರೇ ಹೇಳಿದ್ದರು, ಪಾಶ್ಚಾತ್ಯ ವಿಮೆ, ಹಡಗು ಬಳಸದಿದ್ದರೆ ಭಾರತ ಎಷ್ಟು ಬೇಕಾದರೂ ಕೊಳ್ಳಬಹುದು ಅಂತ. ಯುದ್ಧಕ್ಕೆ ಮುಂಚೆ ನಮ್ಮ ಆಮದಿನಲ್ಲಿ ರಷ್ಯಾ ಎಣ್ಣೆ ನೂರಕ್ಕೆ ಎರಡೂ ಇರಲಿಲ್ಲ. ಆಮೇಲೆ ಮೂರನೇ ಒಂದು ಭಾಗ ದಾಟಿತು. ಜಾಮ್‌ನಗರದ ರಿಫೈನರಿ ಬಿಡಿ, ನಮ್ಮ ಮಂಗಳೂರಿನ ಎಂಆರ್‌ಪಿಎಲ್ ರಿಫೈನರಿ ಕೂಡ ಕೊಂಡಿತು. ಇಲ್ಲಿ ಸಂಸ್ಕರಿಸಿದ ಡೀಸೆಲ್ ಯುರೋಪಿಗೂ ಹೋಯಿತು. ಅಲ್ಲಿ ಅದಕ್ಕೆ ರಷ್ಯಾದ ಹೆಸರಿರಲಿಲ್ಲ.

ಆಮೇಲೆ 2025ರ ಆಗಸ್ಟ್ 27ರಿಂದ ಅದೇ ಅಮೆರಿಕ, ರಷ್ಯಾ ಎಣ್ಣೆ ಕೊಂಡಿದ್ದಕ್ಕೆ ಅಂತ ನಮ್ಮ ಸರಕಿನ ಮೇಲೆ ಇನ್ನೂ 25 ಪರ್ಸೆಂಟ್ ಸುಂಕ ಹಾಕಿತು. ಆಗ ಒಟ್ಟು 50 ಆಯಿತು. ಚೀನಾ ನಮಗಿಂತ ಜಾಸ್ತಿ ಕೊಳ್ಳುತ್ತಿತ್ತು. ಅದಕ್ಕೆ ಈ ದಂಡ ಇರಲಿಲ್ಲ.

ಹುಬ್ಬಳ್ಳಿ ಮಂದಿ

ಅಗ್ಗದ ಎಣ್ಣೆ ಅಗ್ಗದ ಎಣ್ಣೆ ಅಂತೀರಿ. ನನ್ನ ಬೈಕಿಗೆ ಯಾವತ್ತು ಅಗ್ಗ ಆಯಿತು? 2024ರ ಮಾರ್ಚ್‌ನಲ್ಲಿ ಚುನಾವಣೆಗೆ ಮುಂಚೆ 2 ರೂಪಾಯಿ ಇಳಿಸಿದರು. ಜೂನ್‌ನಲ್ಲಿ ನಮ್ಮ ರಾಜ್ಯದವರು ಮಾರಾಟ ತೆರಿಗೆ ಏರಿಸಿ 3 ರೂಪಾಯಿ ಸೇರಿಸಿದರು 😀

ಕಾಫಿ ತೋಟ, ಮೂಡಿಗೆರೆ

ನನ್ನದು ಬೇರೆ ತರಹದ ಅನುಭವ. ಭಾರತದ ಕಾಫಿಯಲ್ಲಿ ಹೆಚ್ಚು ಭಾಗ ರಫ್ತಾಗುತ್ತದೆ. ಇಟಲಿ, ಜರ್ಮನಿ ಜೊತೆಗೆ ರಷ್ಯಾ ನಮಗೆ ಹಳೇ ಗಿರಾಕಿ, ಸೋವಿಯತ್ ಕಾಲದಿಂದ. 2022ರ ಮಾರ್ಚ್‌ನಲ್ಲಿ ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ನವರು ಫೋನ್ ಮಾಡಿ, ಸದ್ಯಕ್ಕೆ ಪಾರ್ಚ್‌ಮೆಂಟ್ (ಒಳಸಿಪ್ಪೆ ಸಮೇತ ಒಣಗಿಸಿದ ಬೀಜ) ತರಬೇಡಿ, ಹೋದ ಕಂಟೇನರಿನ ದುಡ್ಡು ಯಾವ ಬ್ಯಾಂಕಿನಿಂದ ಬರುತ್ತೆ ಅಂತಲೇ ಗೊತ್ತಿಲ್ಲ ಅಂದರು. ಬೆಳೆದವನಿಗೆ ಯುದ್ಧ ಗೊತ್ತಾಗೋದು ಹೀಗೆ.

ಅದೇ ವರ್ಷ ಪೊಟ್ಯಾಷ್ ಗೊಬ್ಬರದ 50 ಕೆಜಿ ಚೀಲ 1,700 ರೂಪಾಯಿ. ಅದನ್ನು ನಾವು ಪೂರ್ತಿ ಹೊರಗಿನಿಂದಲೇ ತರೋದು. ದೊಡ್ಡ ಮಾರಾಟಗಾರರು ಕೆನಡಾ ಬಿಟ್ಟರೆ ರಷ್ಯಾ, ಬೆಲಾರೂಸ್. ಬೆಲಾರೂಸಿನ ಪೊಟ್ಯಾಷ್ ಲಿಥುವೇನಿಯಾದ ಬಂದರಿಗೆ ಬರುವುದೇ ನಿಂತುಹೋಯಿತು. ರಷ್ಯಾದ ಗೊಬ್ಬರ ನಮ್ಮಂಥ ದೇಶಗಳಿಗೆ ಹೋಗೋಕೆ ನಿರ್ಬಂಧ ಇಲ್ಲ ಅಂತ ಯುರೋಪಿನವರು ಹೇಳುತ್ತಿದ್ದರು. ಕಾಗದದ ಮೇಲೆ ಇರಲಿಲ್ಲ, ಸರಿ. ಬ್ಯಾಂಕ್ ಹೆದರಿತು, ವಿಮೆಯವರು ಹೆದರಿದರು, ಹಡಗಿನವರು ಹೆದರಿದರು. ಬೆಲೆ ಏರಿತು. ನುಗ್ಗಿದವನಿಗೆ ಶಿಕ್ಷೆ ಆಗಲಿ ಅಂತ ನನಗೂ ಇದೆ. ಆದರೆ ಬಿಲ್ ನಮ್ಮ ಹತ್ತಿರ ಬಂದಾಗ ನಮ್ಮನ್ನು ಯಾರೂ ಕೇಳಲಿಲ್ಲ.

ಹಳೇ ವಿಮಾನ

ನಾನು ಬೆಂಗಳೂರಿನಲ್ಲಿ ವಿಮಾನ ವಿನ್ಯಾಸದ ಕೆಲಸದಲ್ಲಿದ್ದು ನಿವೃತ್ತನಾದವನು. ನಿರ್ಬಂಧ ಅಂದರೆ ಏನು ಅಂತ ಒಳಗಿನಿಂದ ನೋಡಿದ್ದೇನೆ. 1998ರ ಮೇನಲ್ಲಿ ಪೋಖ್ರಾನ್ ಆಯಿತು. ತೇಜಸ್‌ನ ಹಾರಾಟ ನಿಯಂತ್ರಣ ವ್ಯವಸ್ಥೆಯ ಮೇಲೆ ಅಮೆರಿಕದಲ್ಲಿ ಕೂತು ಕೆಲಸ ಮಾಡುತ್ತಿದ್ದ ನಮ್ಮವರನ್ನು ವಾಪಸ್ ಕಳಿಸಿದರು. ಸಲಕರಣೆ ಅಲ್ಲೇ ಉಳಿಯಿತು. ಇಲ್ಲಿ ಎಲ್ಲ ಮತ್ತೆ ಮಾಡಿ, 2001ರ ಜನವರಿ 4ರಂದು ವಿಮಾನ ಹಾರಿಸಿದೆವು. ಇಸ್ರೋದ ಕಥೆ ಇನ್ನೂ ಹಳೆಯದು. 1992ರಲ್ಲಿ ಅಮೆರಿಕ ಇಸ್ರೋ ಮೇಲೂ ರಷ್ಯಾದ ಬಾಹ್ಯಾಕಾಶ ಸಂಸ್ಥೆ ಗ್ಲಾವ್‌ಕಾಸ್ಮಾಸ್ ಮೇಲೂ ನಿರ್ಬಂಧ ಹಾಕಿತು. ರಾಕೆಟ್ಟಿನ ಕ್ರಯೋಜೆನಿಕ್ ಎಂಜಿನ್ನಿನ (ಅತಿ ತಣ್ಣಗಿನ ದ್ರವ ಇಂಧನದ್ದು) ತಂತ್ರಜ್ಞಾನ ಕೊಡಬೇಕಿದ್ದ ರಷ್ಯಾ ಕೊನೆಗೆ ಕೆಲವು ಎಂಜಿನ್ ಮಾತ್ರ ಕೊಟ್ಟಿತು. ನಮ್ಮದೇ ಎಂಜಿನ್ ಹಾಕಿದ ಜಿಎಸ್‌ಎಲ್‌ವಿ ರಾಕೆಟ್ ಯಶಸ್ವಿಯಾಗಿದ್ದು 2014ರ ಜನವರಿ 5ರಂದು.

ಇದನ್ನು ಜನ "ನೋಡಿ, ನಿರ್ಬಂಧ ನಮ್ಮನ್ನು ಸ್ವಾವಲಂಬಿ ಮಾಡಿತು" ಅಂತ ಹೆಮ್ಮೆಯಿಂದ ಹೇಳುತ್ತಾರೆ. ಹೆಮ್ಮೆ ನನಗೂ ಇದೆ. ಆದರೆ 1992ಕ್ಕೂ 2014ಕ್ಕೂ ನಡುವೆ ಎಷ್ಟು ವರ್ಷ ಅಂತಲೂ ಎಣಿಸಿ. ತೇಜಸ್‌ಗೆ ಎಂಜಿನ್ ಇವತ್ತಿಗೂ ಅಮೆರಿಕದ ಜಿಇ ಕಂಪನಿಯದ್ದೇ. ನಿರ್ಬಂಧ ಕೆಲಸ ನಿಲ್ಲಿಸುವುದಿಲ್ಲ, ವರ್ಷಗಳನ್ನು ತಿನ್ನುತ್ತದೆ. ರಷ್ಯಾಗೂ ಈಗ ಅದೇ ಆಗುತ್ತಿದೆ. ಬಾಡಿಗೆಗೆ ತಂದಿದ್ದ ನೂರಾರು ಬೋಯಿಂಗ್, ಏರ್‌ಬಸ್ ವಿಮಾನಗಳನ್ನು 2022ರಲ್ಲಿ ವಾಪಸ್ ಕೊಡದೆ ಇಟ್ಟುಕೊಂಡರು. ಬಿಡಿಭಾಗ ಬಳಸಿ ಬಳಸಿ ಹಾರಿಸುತ್ತಿದ್ದಾರೆ. ತಮ್ಮದೇ ಎಂಸಿ-21 ವಿಮಾನದಲ್ಲಿ ಪಾಶ್ಚಾತ್ಯ ಭಾಗಗಳನ್ನೆಲ್ಲ ತೆಗೆದು ರಷ್ಯಾದ್ದೇ ಹಾಕಬೇಕು. ಕೊಡುವ ದಿನಾಂಕ ವರ್ಷ ವರ್ಷ ಮುಂದೆ ಹೋಗುತ್ತಿದೆ. ನನಗೆ ಅಲ್ಲಿನ ಎಂಜಿನಿಯರುಗಳ ಬಗ್ಗೆ ಅಯ್ಯೋ ಅನಿಸುತ್ತದೆ, ನಿಜವಾಗಿ.

ಖಾರ ಮಂಡಕ್ಕಿ

ಆದರೆ ಕ್ಷಿಪಣಿ ಮಾತ್ರ ದಿನವೂ ಬೀಳುತ್ತಿದೆಯಲ್ಲ ಸರ್.

ಹಳೇ ವಿಮಾನ

ಬೀಳುತ್ತಿದೆ. ಬಿದ್ದ ಕ್ಷಿಪಣಿ, ಡ್ರೋನ್ ಬಿಚ್ಚಿ ನೋಡಿದರೆ ಒಳಗೆ ಅಮೆರಿಕ, ಯುರೋಪ್, ಜಪಾನಿನ ಚಿಪ್ ಸಿಗುತ್ತಿವೆ. ಕಿರ್ಗಿಸ್ತಾನ, ಅರ್ಮೇನಿಯಾ, ಯುಎಇ, ಹಾಂಗ್‌ಕಾಂಗ್ ದಾರಿಯಲ್ಲಿ ಹೋಗಿರುತ್ತವೆ. ವಿಮಾನದ ಎಂಜಿನ್ ಕದ್ದು ಸಾಗಿಸೋದು ಕಷ್ಟ. ಚಿಪ್ ಒಂದು ಸೂಟ್‌ಕೇಸಿನಲ್ಲಿ ಸಾವಿರ ಹಿಡಿಯುತ್ತವೆ.

ಬ್ಯಾಂಕ್ ಲೆಕ್ಕಿಗ

ತಡವಾಗಿ ಬಂದೆ. ಬ್ರಸೆಲ್ಸ್ ದುಡ್ಡಿನ ಬಗ್ಗೆ ಹೇಳುತ್ತೇನೆ, ಸುಮಾರು ಜನ ಅದನ್ನು ಲಾಕರಿನಲ್ಲಿರುವ ಚಿನ್ನ ಅಂದುಕೊಂಡಿದ್ದಾರೆ.

ಯೂರೋಕ್ಲಿಯರ್ ಅಂತ ಒಂದು ಸಂಸ್ಥೆ. ದೇಶಗಳು, ಬ್ಯಾಂಕುಗಳು ಕೊಂಡ ಬಾಂಡುಗಳನ್ನು ಅದು ಹಿಡಿದಿಟ್ಟುಕೊಂಡಿರುತ್ತದೆ, ನಮ್ಮ ಡಿಮ್ಯಾಟ್ ಖಾತೆ ಇಟ್ಟುಕೊಳ್ಳುವವರ ಹಾಗೆ. ರಷ್ಯಾದ ಕೇಂದ್ರ ಬ್ಯಾಂಕ್ ಅಲ್ಲಿ ಯುರೋಪಿನ ಸರ್ಕಾರಿ ಬಾಂಡುಗಳನ್ನು ಇಟ್ಟಿತ್ತು. 2022ರಲ್ಲಿ ತಡೆ ಬಿತ್ತು. ಬಾಂಡುಗಳ ಅವಧಿ ಒಂದೊಂದಾಗಿ ಮುಗಿಯಿತು, ನಗದಾಯಿತು. ಆ ನಗದು ರಷ್ಯಾಗೆ ಹೋಗುವಂತಿಲ್ಲ. ಹಾಗಾಗಿ ಯೂರೋಕ್ಲಿಯರ್ ಅದನ್ನು ಯುರೋಪಿನ ಕೇಂದ್ರ ಬ್ಯಾಂಕಿನಲ್ಲಿ ಇಟ್ಟಿತು. ಅದಕ್ಕೆ ಬಡ್ಡಿ ಬಂತು, 2024ರಲ್ಲೇ ಸುಮಾರು 690 ಕೋಟಿ ಯೂರೋ. ಒಪ್ಪಂದದ ಪ್ರಕಾರ ಈ ಬಡ್ಡಿ ರಷ್ಯಾದ್ದಲ್ಲ. ಹೀಗಾಗಿ ಅಸಲು ಮುಟ್ಟದೆ ಬಡ್ಡಿ ಮಾತ್ರ ಬಳಸೋಣ ಅಂತ 2024ರ ಜೂನ್‌ನಲ್ಲಿ ಜಿ7 ದೇಶಗಳು ಉಕ್ರೇನ್‌ಗೆ 5,000 ಕೋಟಿ ಡಾಲರ್ ಸಾಲ ಕೊಡಲು ಒಪ್ಪಿದವು.

ಅಸಲಿಗೆ ಕೈ ಹಾಕೋದು ಬೇರೆ ವಿಷಯ. ತಡೆಹಿಡಿಯೋದಕ್ಕೂ ಮುಟ್ಟುಗೋಲಿಗೂ ಕಾನೂನಿನಲ್ಲಿ ಬಹಳ ದೂರ. ಯೂರೋಕ್ಲಿಯರ್ ಬೆಲ್ಜಿಯಂನಲ್ಲಿದೆ. ನಾಳೆ ನ್ಯಾಯಾಲಯ ರಷ್ಯಾಗೆ ದುಡ್ಡು ವಾಪಸ್ ಕೊಡಿ ಅಂದರೆ, ನನ್ನ ದೇಶ ಒಂದೇ ಏಕೆ ತಲೆ ಕೊಡಬೇಕು ಅಂತ ಅಲ್ಲಿನ ಪ್ರಧಾನಿ ಬಾರ್ಟ್ ಡಿ ವೆವರ್ ಪಟ್ಟು ಹಿಡಿದರು. ಎಲ್ಲರೂ ಸೇರಿ ಮಿತಿ ಇಲ್ಲದೆ ಜಾಮೀನು ಕೊಡಿ ಅಂದರು. ಯಾರೂ ಕೊಡಲಿಲ್ಲ. ಅಲ್ಲಿಗೆ ಮಾತು ಮುಗಿಯಿತು.

ಒಂದು ಕೆಲಸ ಮಾತ್ರ ಆಯಿತು, ಅದನ್ನು ಹೊಂಗೆಮರ ಅವರು ಬರೆಯಲಿಲ್ಲ. ಮೊದಲು ಈ ತಡೆಯನ್ನು ಆರು ತಿಂಗಳಿಗೊಮ್ಮೆ ಎಲ್ಲರೂ ಒಪ್ಪಿ ಮುಂದುವರಿಸಬೇಕಿತ್ತು. ಹಂಗರಿ ಒಂದೇ ಬೇಡ ಅಂದರೂ ದುಡ್ಡು ಮಾಸ್ಕೋಗೆ ಹೋಗುತ್ತಿತ್ತು. ಡಿಸೆಂಬರ್ 12ರಂದು ಅದನ್ನು ಅನಿರ್ದಿಷ್ಟ ಕಾಲಕ್ಕೆ ತಡೆದರು.

ಖಾರ ಮಂಡಕ್ಕಿ

ನಾಳೆ ನಮ್ಮ ರಿಸರ್ವ್ ಬ್ಯಾಂಕಿನ ದುಡ್ಡಿಗೂ ಹೀಗೇ ಮಾಡಲ್ಲ ಅಂತ ಏನು ಗ್ಯಾರಂಟಿ? ಎಲ್ಲ ದೇಶದವರೂ ಸುಮ್ನೆ ಚಿನ್ನ ಕೊಳ್ಳುತ್ತಿಲ್ಲ. ಮತ್ತೆ, ರಷ್ಯಾ ಕುಸಿಯುತ್ತೆ ಅಂದರು. 2023ರಲ್ಲಿ, 2024ರಲ್ಲಿ ನೂರಕ್ಕೆ ನಾಲ್ಕರಷ್ಟು ಬೆಳೆಯಿತು!

ಬ್ಯಾಂಕ್ ಲೆಕ್ಕಿಗ

ಮೊದಲ ಭಾಗ ನೂರಕ್ಕೆ ನೂರು ಸರಿ. ಎರಡನೆಯದಕ್ಕೆ: ಟ್ಯಾಂಕ್ ಮಾಡಿದರೂ ಜಿಡಿಪಿ ಏರುತ್ತದೆ. ಆ ಟ್ಯಾಂಕ್ ಮಾರನೇ ತಿಂಗಳು ಹೊಲದಲ್ಲಿ ಸುಟ್ಟು ನಿಂತಿದ್ದರೂ ಲೆಕ್ಕದಲ್ಲಿ ಬೆಳವಣಿಗೆಯೇ. ಬಡ್ಡಿ ನೋಡಿ. 2024ರ ಅಕ್ಟೋಬರ್‌ನಲ್ಲಿ ಅವರ ಕೇಂದ್ರ ಬ್ಯಾಂಕಿನ ದರ 21 ಪರ್ಸೆಂಟ್. ಆ ದರದಲ್ಲಿ ಯಾರು ಮನೆ ಸಾಲ ತೆಗೆದುಕೊಳ್ಳುತ್ತಾರೆ? 2025ರಲ್ಲಿ ಬೆಳವಣಿಗೆ ಒಂದರ ಹತ್ತಿರಕ್ಕೆ ಬಿತ್ತು. ವ್ಯಾಟ್ 20 ಇದ್ದಿದ್ದು 2026ರ ಜನವರಿಯಿಂದ 22. ಕುಸಿದಿಲ್ಲ, ಒಪ್ಪುತ್ತೇನೆ. ಸುಖವಾಗಿಯೂ ಇಲ್ಲ.

ವಾರ್ಸಾದಿಂದ ಧಾರವಾಡದಾಕಿ

ನಾನು ಪೋಲೆಂಡಿನಲ್ಲಿ ಕೆಲಸ ಮಾಡುತ್ತೇನೆ. 2022ರ ವಸಂತದಲ್ಲಿ ನಮ್ಮ ಆಫೀಸಿನ ಮೀಟಿಂಗ್ ಕೋಣೆಯಲ್ಲಿ ಡಯಾಪರ್, ಸೂಪಿನ ಪಾಕೀಟು, ಮಕ್ಕಳ ಬೂಟು ರಾಶಿ ಬಿದ್ದಿದ್ದವು. ಬಹಳ ಜನ ಪರಿಚಯ ಇಲ್ಲದ ಉಕ್ರೇನ್ ಕುಟುಂಬಗಳನ್ನು ಮನೆಗೇ ಕರೆದುಕೊಂಡು ಹೋದರು. ಈಗ ಆ ಗಾಳಿ ಇಲ್ಲ. ಉಕ್ರೇನಿನ ಅಗ್ಗದ ಗೋಧಿ ಬಂತು ಅಂತ ಇಲ್ಲಿನ ರೈತರು ಗಡಿಯಲ್ಲಿ ಟ್ರ್ಯಾಕ್ಟರ್ ಅಡ್ಡ ನಿಲ್ಲಿಸಿದರು. ಮಗುವಿಗೆ ತಿಂಗಳಿಗೆ 800 ಝ್ಲೋಟಿ ಸಹಾಯಧನ ಕೆಲಸ ಇಲ್ಲದ ಉಕ್ರೇನಿನವರಿಗೆ ಯಾಕೆ ಅಂತ ಜಗಳ. 2025ರ ಆಗಸ್ಟ್‌ನಲ್ಲಿ ಅಧ್ಯಕ್ಷ ನವ್ರೋತ್ಸ್ಕಿ ಅದೇ ಕಾರಣ ಕೊಟ್ಟು ನಿರಾಶ್ರಿತರ ನೆರವಿನ ಮಸೂದೆಗೆ ವೀಟೋ ಹಾಕಿದರು.

ಆದರೆ ಇದೇ ಜನರನ್ನು ರಷ್ಯಾ ಬಗ್ಗೆ ಕೇಳಿ ನೋಡಿ. ಒಬ್ಬರೂ ನಿರ್ಬಂಧ ತೆಗೆಯಿರಿ ಅನ್ನಲ್ಲ. ಹಿಂದೆ ಸೋವಿಯತ್ ಕೈಯಲ್ಲಿ ಅವರ ಅಜ್ಜ ಅಜ್ಜಿ ಕಂಡ ಕಷ್ಟ ಮನೆಮನೆಯಲ್ಲೂ ಗೊತ್ತು. ಸುಸ್ತು ಬೇರೆ, ಪಕ್ಷ ಬದಲಾಯಿಸೋದು ಬೇರೆ. ಭಾರತದ ಟಿವಿ ನೋಡಿದರೆ ಯುರೋಪಿನವರೆಲ್ಲ ಕೈ ಚೆಲ್ಲಿದರು ಅನಿಸುತ್ತದೆ.

ಖಾರ ಮಂಡಕ್ಕಿ

ಅಕ್ಕ, ಆದರೆ ಯುರೋಪ್ ಇನ್ನೂ ರಷ್ಯಾದ ಎಲ್‌ಎನ್‌ಜಿ (ಹಡಗಿನಲ್ಲಿ ಬರುವ ದ್ರವ ರೂಪದ ಗ್ಯಾಸ್) ಕೊಳ್ಳುತ್ತಿದೆಯಲ್ಲ? ಪೂರ್ತಿ ನಿಲ್ಲಿಸೋಕೆ 2027ರವರೆಗೆ ಸಮಯ ಇಟ್ಟುಕೊಂಡಿದ್ದಾರೆ. ನಮಗೆ ಮಾತ್ರ ನಾಳೆ ಬೆಳಿಗ್ಗೆಯೇ ನಿಲ್ಲಿಸಿ ಅನ್ನೋದು.

ವಾರ್ಸಾದಿಂದ ಧಾರವಾಡದಾಕಿ

ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಇಲ್ಲಿನವರೂ ಫ್ರಾನ್ಸ್, ಬೆಲ್ಜಿಯಂಗೆ ಅದನ್ನೇ ಕೇಳುತ್ತಾರೆ.

ಹೊಂಗೆಮರ

"ನಿರ್ಬಂಧ ಅಂದರೆ ಬಿಳಿಯರ ಆಟ" ಅನ್ನೋ ಧ್ವನಿ ಕೆಲವರಲ್ಲಿ ಇದೆ, ಅದಕ್ಕೆ ಒಂದು ಮಾತು. ವರ್ಣಭೇದ ನಡೆಸುತ್ತಿದ್ದ ದಕ್ಷಿಣ ಆಫ್ರಿಕಾ ಮೇಲೆ ಮೊದಲು ವ್ಯಾಪಾರ ನಿರ್ಬಂಧ ಹಾಕಿದ ದೇಶ ಭಾರತ. 1946ರಲ್ಲಿ, ಸ್ವಾತಂತ್ರ್ಯ ಬರೋಕೆ ಮುಂಚೆಯೇ. ಆಗ ನಮ್ಮ ರಫ್ತಿನಲ್ಲಿ ಅವರ ಪಾಲು ಸುಮಾರು ನೂರಕ್ಕೆ ಐದು. ಹೊಟ್ಟೆಗಿಲ್ಲದ ಕಾಲದಲ್ಲಿ ಅಷ್ಟನ್ನು ಬಿಟ್ಟುಕೊಟ್ಟೆವು. ಪಶ್ಚಿಮದ ದೊಡ್ಡ ದೇಶಗಳು ಸೇರಿಕೊಂಡಿದ್ದು ನಲವತ್ತು ವರ್ಷ ಆದಮೇಲೆ. ತಾನೂ ನಷ್ಟ ತಿಂದು ಹಾಕುವ ನಿರ್ಬಂಧಕ್ಕೆ ಬೇರೆಯೇ ತೂಕ ಇರುತ್ತದೆ. ಯುರೋಪಿಗೆ ಇದನ್ನು ಹೇಳುವ ಹಕ್ಕು ನಮಗಿತ್ತು, ನಾವು ಬಳಸಲಿಲ್ಲ.

ಆಯುಧದ ವಿಷಯದಲ್ಲೂ ಅದೇ ತಡ. ಯುದ್ಧಕ್ಕೆ ಒಂದು ತಿಂಗಳು ಮುಂಚೆ ಜರ್ಮನಿ ಕೊಡುತ್ತೇನೆ ಅಂದಿದ್ದು 5,000 ಹೆಲ್ಮೆಟ್. ಲೆಪರ್ಡ್ ಟ್ಯಾಂಕಿಗೆ ಹೂಂ ಅಂದಿದ್ದು 2023ರ ಜನವರಿ. ಎಫ್-16 ಯುದ್ಧವಿಮಾನ ಉಕ್ರೇನ್ ಮುಟ್ಟಿದ್ದು 2024ರ ಆಗಸ್ಟ್. ಅಮೆರಿಕದ ಸಂಸತ್ತಿನಲ್ಲಿ 6,100 ಕೋಟಿ ಡಾಲರ್ ನೆರವು ಅರ್ಧ ವರ್ಷ ಸಿಕ್ಕಿಹಾಕಿಕೊಂಡಿತ್ತು. 2025ರ ಮಾರ್ಚ್‌ನಲ್ಲಿ ಕೆಲವು ದಿನ ಗುಪ್ತಚರ ಮಾಹಿತಿಯನ್ನೂ ನಿಲ್ಲಿಸಿದರು. ಕೊಡೋದನ್ನು ಕೊಟ್ಟರು, ರಷ್ಯಾ ಕಂದಕ ತೋಡಿ ಕೂತ ಮೇಲೆ ಕೊಟ್ಟರು.

ಹುಬ್ಬಳ್ಳಿ ಮಂದಿ

ನಮಗೇನು ಸಂಬಂಧ ಅನ್ನೋರಿಗೆ: ಕಲಬುರಗಿಯ ಹುಡುಗರನ್ನು ಸೆಕ್ಯುರಿಟಿ ಕೆಲಸ ಅಂತ ಹೇಳಿ ಕರೆದುಕೊಂಡು ಹೋಗಿ ರಷ್ಯಾ ಸೈನ್ಯದ ಜೊತೆ ಗಡಿಗೆ ತಳ್ಳಿದ್ದು ಮರೆತಿರಾ? 2024ರ ಸೆಪ್ಟೆಂಬರ್‌ನಲ್ಲಿ ಜೀವ ಉಳಿಸಿಕೊಂಡು ವಾಪಸ್ ಬಂದರು.

ಖಾರ ಮಂಡಕ್ಕಿ

ಮರೆತಿಲ್ಲ. ಅದು ಏಜೆಂಟರ ಮೋಸ, ಸಿಬಿಐ ಹಿಡಿಯಿತು. ನನ್ನ ನಿಲುವು ಇದ್ದ ಹಾಗೇ ಇದೆ: ನುಗ್ಗಿದ್ದು ತಪ್ಪು, ನಿರ್ಬಂಧದ ಬಿಲ್ ನಮಗೆ ಕಳಿಸಿದ್ದೂ ತಪ್ಪು. ಲೆಕ್ಕಿಗರೇ, ಆ 9,000 ಕೋಟಿ ಯೂರೋ ಸಾಲವನ್ನು ಉಕ್ರೇನ್ ಯಾವ ಕಾಲಕ್ಕೆ ತೀರಿಸುತ್ತೆ?

ಬ್ಯಾಂಕ್ ಲೆಕ್ಕಿಗ

ರಷ್ಯಾ ಯುದ್ಧ ಪರಿಹಾರ ಕೊಟ್ಟರೆ ಮಾತ್ರ ತೀರಿಸಬೇಕು. ಕೊಡದಿದ್ದರೆ ಯುರೋಪಿನ ತೆರಿಗೆದಾರರ ತಲೆ ಮೇಲೆ. ಇನ್ನೊಂದು ವಿಷಯ: 2026 ಮತ್ತು 2027ಕ್ಕೆ ಉಕ್ರೇನ್‌ಗೆ ಬೇಕಾಗಿರುವುದು ಸುಮಾರು 13,500 ಕೋಟಿ ಯೂರೋ ಅಂತ ಅಂದಾಜು ಇತ್ತು. ಈ ಸಾಲ ಅದರ ಮೂರನೇ ಎರಡು ಭಾಗ. ಉಳಿದಿದ್ದಕ್ಕೆ ಬ್ರಿಟನ್, ಕೆನಡಾ, ಜಪಾನ್, ನಾರ್ವೆ ಕಡೆ ನೋಡುತ್ತಿದ್ದಾರೆ.

ಪಣಂಬೂರು ಬಂದರು

ನಾರ್ವೆ ಕೊಡಲಿ. 2022ರಲ್ಲಿ ಗ್ಯಾಸ್ ಮಾರಿ ಅವರು ಮಾಡಿಕೊಂಡ ಲಾಭ ಸಣ್ಣದಲ್ಲ ಮಾರಾಯ್ರೆ.